ಸೆಂಬವಾಂಗಿನಿಂದ ಸಂತೆಗೆ



ಸಿಂಗಪುರಕ್ಕೆ ಹೊಸದಾಗಿ ಬಂದಿಳಿದ ಕನ್ನಡಿಗರು ನಮ್ಮಂಥ ಹಳೇ ತಲೆಗಳನ್ನು ಕೇಳುವ ಪ್ರಶ್ನೆಗಳು ಎರಡೇ ಎರಡು. ಮನೆ ಎಲ್ಲಿ ಮಾಡುವುದು? ಸಾಮಾನು ಎಲ್ಲಿ ಸಿಗುತ್ತದೆ? ಮೊದಲನೆಯ ಪ್ರಶ್ನೆಗೆ ಬಾಡಿಗೆಯ ಮೊತ್ತವೇ ಉತ್ತರ ಹೇಳಿಬಿಡುತ್ತದೆ. ನಮ್ಮಲ್ಲಿ ಅನೇಕರು ದ್ವೀಪದ ಉತ್ತರ ತುದಿಗೆ, ಸೆಂಬವಾಂಗಿಗೆ ಬಂದು ನೆಲೆಸಿದ್ದು ಹೀಗೆಯೇ. ಎರಡನೆಯ ಪ್ರಶ್ನೆಗೆ ಕೇಳಿದವರೆಲ್ಲರೂ ಒಕ್ಕೊರಲಿನಿಂದ ಕೊಡುವ ಉತ್ತರ 'ಮುಸ್ತಫಾ!' ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುವ ಹಾಗೆ, ಸಿಂಗಪುರಕ್ಕೆ ಬಂದ ಭಾರತೀಯ ಮುಸ್ತಫಾಕ್ಕೆ ಹೋಗದೆ ಇರುವುದಿಲ್ಲ ನಿಜ. ಆದರೆ ಒಂದು ಕಿಲೋ ತೊಗರಿಬೇಳೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಸೆಂಬವಾಂಗಿನಿಂದ ಅಲ್ಲಿಗೆ ಹೋಗಿ ಬಂದರೆ ಅರ್ಧ ದಿನ ಮುಗಿದಂತೆ. ವಾರಕ್ಕೆ ಎರಡು ದಿನ ರಜ ಇರುವವರಿಗೆ ಅರ್ಧ ದಿನವೆಂದರೆ ಕಡಿಮೆಯೇನಲ್ಲ. ಮಕ್ಕಳಿಗೆ ಕಥೆ ಓದಿ ಹೇಳುವ ಹೊತ್ತು, ಊರಿಗೆ ಫೋನು ಮಾಡುವ ಹೊತ್ತು, ನಮ್ಮ ಬಳಗದ ಸಭೆಗೆ ಬರಬಹುದಾಗಿದ್ದ ಹೊತ್ತು, ಎಲ್ಲವೂ ರೈಲಿನಲ್ಲಿ ಚೀಲ ಹಿಡಿದು ನಿಲ್ಲುವುದರಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಯಾವುದನ್ನು ಎಲ್ಲಿ ಕೊಳ್ಳಬೇಕು, ಯಾವುದಕ್ಕೆ ದೂರ ಹೋಗಬೇಕು, ಯಾವುದರ ಆಸೆಯನ್ನೇ ಬಿಡಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯೋಣವೆಂದುಕೊಂಡೆವು.

ಮೊದಲು ನಾವಿರುವ ಊರಿನ ವಿಷಯ. ಸೆಂಬವಾಂಗ್ ಎನ್ನುವುದು ಒಂದು ಮರದ ಹೆಸರು. ಆಲೂರು, ಹುಣಸೂರುಗಳಿಂದ ಬಂದ ನಮಗೆ ಇದೇನೂ ಹೊಸತಲ್ಲ ಬಿಡಿ. 1938ರಲ್ಲಿ ಬ್ರಿಟಿಷರು ಇಲ್ಲಿ ದೊಡ್ಡ ನೌಕಾನೆಲೆ ತೆರೆದರು. ಕ್ಯಾನ್‌ಬೆರಾ, ವೆಲಿಂಗ್ಟನ್, ಮಾಂಟ್ರಿಯಲ್, ಜಿಬ್ರಾಲ್ಟರ್ ಎಂದು ಇಲ್ಲಿನ ಬೀದಿಗಳಿಗೆ ಇಡೀ ಸಾಮ್ರಾಜ್ಯದ ಹೆಸರುಗಳಿರುವುದು ಆ ಕಾರಣಕ್ಕೆ. ನೆಲೆಯಲ್ಲಿ ದುಡಿಯಲು ಕೇರಳದಿಂದಲೂ ತಮಿಳು ನಾಡಿನಿಂದಲೂ ಬಹಳ ಜನ ಬಂದರು. ಅವರ ಅಕ್ಕಿ, ಬೇಳೆ, ಮೀನು, ತೆಂಗಿನಕಾಯಿಯ ವ್ಯಾಪಾರವೆಲ್ಲ ಪಕ್ಕದ ಚೊಂಗ್ ಪಾಂಗ್ ಹಳ್ಳಿಯಲ್ಲಿ ನಡೆಯುತ್ತಿತ್ತು. 1968ರಲ್ಲಿ ಹಡಗುಕಟ್ಟೆ ಸಿಂಗಪುರದ ಕೈಗೆ ಬಂತು, 1971ರಲ್ಲಿ ಬ್ರಿಟಿಷ್ ಸೇನೆಯ ಬಹುಭಾಗ ಹೊರಟುಹೋಯಿತು, 1980ರ ದಶಕದಲ್ಲಿ ಹಳ್ಳಿಯೂ ಹೋಯಿತು. ಹಳ್ಳಿಯ ಹೆಸರು ಮಾತ್ರ ಪಕ್ಕದ ಯಿಶುನ್‌ಗೆ ವಲಸೆ ಹೋಗಿ ಅಲ್ಲಿನ ಮಾರುಕಟ್ಟೆಗೆ ಅಂಟಿಕೊಂಡಿದೆ. ಅಂದರೆ, ಈ ಭಾಗದಲ್ಲಿ ಸಾಂಬಾರು ಕುದಿಸಲು ಶುರು ಮಾಡಿದವರು ಕಂಪ್ಯೂಟರಿನವರಾದ ನಾವಲ್ಲ. ನಮಗಿಂತ ಎರಡು ತಲೆಮಾರು ಮೊದಲೇ ಇಲ್ಲಿ ಒಗ್ಗರಣೆಯ ವಾಸನೆ ಇತ್ತು!

ನಮ್ಮ ವೃತ್ತಿಯವರಿಗೆ ಬೇಗ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಖರೀದಿಯ ವ್ಯವಸ್ಥೆ ಕಂಪ್ಯೂಟರಿನ ಮೆಮೊರಿ ಇದ್ದಂತೆ. ಪ್ರಾಸೆಸರಿನ ಮಗ್ಗುಲಲ್ಲೇ ಸಣ್ಣದೊಂದು ಕ್ಯಾಶ್ ಇರುತ್ತದೆ. ಪುಟ್ಟದು, ಆದರೆ ಚುರುಕು. ಪದೇ ಪದೇ ಬೇಕಾದದ್ದು ಅಲ್ಲಿರಬೇಕು. ಅದರಾಚೆ ಇನ್ನೊಂದು, ಸ್ವಲ್ಪ ದೊಡ್ಡದು, ಸ್ವಲ್ಪ ನಿಧಾನ. ಅದರಾಚೆ ಮುಖ್ಯ ಮೆಮೊರಿ. ಎಲ್ಲಕ್ಕಿಂತ ಆಚೆ, ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ನಿಧಾನದ್ದು ಡಿಸ್ಕು. ನಮಗೆ ಬ್ಲಾಕಿನ ಕೆಳಗಿನ ಅಂಗಡಿ ಮೊದಲ ಕ್ಯಾಶ್, ರೈಲು ನಿಲ್ದಾಣದ ಪಕ್ಕದ ಮಾಲು ಎರಡನೆಯದು, ಲಿಟಲ್ ಇಂಡಿಯಾ ಮುಖ್ಯ ಮೆಮೊರಿ, ಬೆಂಗಳೂರಿನಿಂದ ಬರುವ ಸೂಟ್‌ಕೇಸು ಡಿಸ್ಕು. ಕ್ಯಾಶಿನಲ್ಲಿ ಇರುವುದನ್ನು ಡಿಸ್ಕಿಗೆ ಹೋಗಿ ತರುವವನು ಕ್ಯಾಶ್ ಕಳೆದುಕೊಳ್ಳುತ್ತಾನೆ. ಕನ್ನಡದಲ್ಲಿ ಎರಡು ಕ್ಯಾಶಿಗೂ ಒಂದೇ ಕಾಗುಣಿತ ಇರುವುದು ಸುಮ್ಮನಲ್ಲ!

ಬ್ಲಾಕಿನ ಕೆಳಗಿನ ಪುಟ್ಟ ಅಂಗಡಿಗೆ ಇಲ್ಲಿನವರು 'ಮಾಮಾ ಅಂಗಡಿ' ಎನ್ನುತ್ತಾರೆ. ತಮಿಳು ಮುಸ್ಲಿಮರು ಹೆಚ್ಚಾಗಿ ನಡೆಸುತ್ತಿದ್ದ ಅಂಗಡಿಗಳಾದ್ದರಿಂದ ತಮಿಳಿನ ಮಾಮಾ ಚೀನೀಯರ ಬಾಯಲ್ಲೂ ಮಾಮಾ ಆದ. ಬಾಗಿಲ ಮುಂದೆ ತೂಗುಹಾಕಿದ ಆಟದ ಸಾಮಾನು, ಒಳಗೆ ಒಬ್ಬರು ಮಾತ್ರ ತಿರುಗಬಹುದಾದಷ್ಟು ಜಾಗ. ಹಾಲು, ಮೊಸರು, ಈರುಳ್ಳಿ, ಆಲೂಗೆಡ್ಡೆ, ಹಸಿಮೆಣಸಿನಕಾಯಿ, ಬೆಂಕಿಪೊಟ್ಟಣ, ಅರಿಶಿನ ಪುಡಿ. ಬೆಲೆ ಮಾಲಿಗಿಂತ ಹತ್ತಿಪ್ಪತ್ತು ಸೆಂಟು ಹೆಚ್ಚಿರಬಹುದು. ಆದರೆ ರಾತ್ರಿ ಒಂಬತ್ತೂವರೆಗೆ ಮೊಸರು ಮುಗಿದಿದೆ ಎಂದು ಗೊತ್ತಾದಾಗ ಈ ಹತ್ತು ಸೆಂಟಿನ ಮಾತು ಯಾರೂ ಎತ್ತುವುದಿಲ್ಲ. ವರ್ಷದಿಂದ ವರ್ಷಕ್ಕೆ ಇಂಥ ಅಂಗಡಿಗಳು ಕಡಿಮೆಯಾಗುತ್ತಿವೆ. ಮಕ್ಕಳು ಓದಿ ಕೆಲಸಕ್ಕೆ ಹೋದರು, ಮಾಮನಿಗೆ ವಯಸ್ಸಾಯಿತು. ನಮಗನ್ನಿಸುವುದೇನೆಂದರೆ, ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಸಿಂಗಪುರದಲ್ಲಿ ಯಾರ ಸಹಾಯವೂ ಇಲ್ಲದೆ ಹೋಗಿಬರಬಹುದಾದ ಜಾಗ ಎಂದರೆ ಇದೊಂದೇ. ಸ್ವಯಂಚಾಲಿತ ಯಂತ್ರದ ಮುಂದೆ ನಿಂತು ಕಾರ್ಡು ಉಜ್ಜುವ ಕಷ್ಟ ಇಲ್ಲಿಲ್ಲ. ಬೆರಳು ತೋರಿಸಿದರೆ ಸಾಮಾನು, ಅಂಗೈ ತೋರಿಸಿದರೆ ಚಿಲ್ಲರೆ. ಅತ್ತೆ ಮಾವಂದಿರು ಬಂದಾಗ ಮೊದಲ ದಿನವೇ ಅವರನ್ನು ಇಲ್ಲಿಗೆ ಕರೆದೊಯ್ದು ಪರಿಚಯ ಮಾಡಿಸಿಬಿಡಿ. ಮೂರು ತಿಂಗಳ ಬೇಸರದಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ.

ಇನ್ನು ಸೆಂಬವಾಂಗ್ ನಿಲ್ದಾಣದ ಸುತ್ತಮುತ್ತ. 1996ಕ್ಕೆ ಮುಂಚೆ ರೈಲು ಯಿಶುನ್‌ಗೇ ನಿಂತುಹೋಗುತ್ತಿತ್ತು. ಆ ವರ್ಷ ಈ ನಿಲ್ದಾಣ ತೆರೆಯಿತು, 2019ರಲ್ಲಿ ಕ್ಯಾನ್‌ಬೆರಾ ನಿಲ್ದಾಣ ಸೇರಿಕೊಂಡಿತು. ಪಕ್ಕದ ಸನ್ ಪ್ಲಾಜಾದಲ್ಲಿ ಫೇರ್‌ಪ್ರೈಸ್ ಇದೆ, ಮೇಲೆ ಸಾರ್ವಜನಿಕ ಗ್ರಂಥಾಲಯವೂ ಇದೆ. ಫೇರ್‌ಪ್ರೈಸ್ ಎಂದರೆ ಬರೀ ಕಂಪನಿ ಎಂದುಕೊಂಡವರು ನಮ್ಮಲ್ಲಿ ಬಹಳ. ಅದು ಸಹಕಾರಿ ಸಂಸ್ಥೆ. 1973ರಲ್ಲಿ ಬೆಲೆಗಳು ಗಗನಕ್ಕೇರಿದಾಗ ಇಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ತೋವಾ ಪಯೋದಲ್ಲಿ 'ವೆಲ್‌ಕಮ್' ಎಂಬ ಅಂಗಡಿ ತೆರೆಯಿತು. 1983ರಲ್ಲಿ ಇನ್ನೊಂದು ಸಹಕಾರಿಯ ಜೊತೆ ಸೇರಿ ಫೇರ್‌ಪ್ರೈಸ್ ಆಯಿತು. ನಮಗೆ ಹಾಪ್‌ಕಾಮ್ಸ್, ಜನತಾ ಬಜಾರುಗಳ ನೆನಪಾಗುವುದು ಸಹಜ. ಕ್ಯಾನ್‌ಬೆರಾ ಪ್ಲಾಜಾ 2020ರಲ್ಲಿ ತೆರೆಯಿತು, ಬುಕಿತ್ ಕ್ಯಾನ್‌ಬೆರಾದ ಊಟದ ಕಟ್ಟೆಗಳು 2022ರಲ್ಲಿ. 2023ರ ಜುಲೈ 3ರಿಂದ ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಪ್ರತಿ ಚೀಲಕ್ಕೆ ಕನಿಷ್ಠ 5 ಸೆಂಟು ಕೊಡಬೇಕು. ಅಮ್ಮನ ಬಟ್ಟೆಯ ಚೀಲಕ್ಕೆ ಮತ್ತೆ ಮರ್ಯಾದೆ ಬಂದಿದೆ.

ಇಲ್ಲಿ ನಾವು ಕಲಿಯಬೇಕಾದ ಒಂದು ಸಂಗತಿ ಇದೆ. ನಮ್ಮ ತರಕಾರಿಗಳಲ್ಲಿ ಮುಕ್ಕಾಲು ಪಾಲು ಲಿಟಲ್ ಇಂಡಿಯಾಕ್ಕೆ ಹೋಗದೆ ಇಲ್ಲೇ ಸಿಗುತ್ತವೆ, ಬೇರೆ ಹೆಸರಿನಲ್ಲಿ, ಬೇರೆ ವೇಷದಲ್ಲಿ. 'ಬಾಯಮ್' ಎಂದು ಮಾರುವುದು ನಮ್ಮ ಹರಿವೆ, ದಂಟಿನ ಕುಲದ ಸೊಪ್ಪು. ಸೊಪ್ಪಿನ ಸಾರಿಗೂ ಹುಳಿಗೂ ಧಾರಾಳವಾಗಿ ಒಗ್ಗುತ್ತದೆ. 'ಕಾಚಾಂಗ್ ಪಾಂಜಾಂಗ್' ಎಂದರೆ ಉದ್ದ ಕಾಳು, ಅಂದರೆ ನಮ್ಮ ಅಲಸಂದೆಕಾಯಿ. ಚೀನೀಯರು ಹೋಳು ಮಾಡಿ ಮಾರುವ ಚಳಿಗಾಲದ ಕಲ್ಲಂಗಡಿ ಎಂಬುದು ಬೇರೇನಲ್ಲ, ಬೂದುಗುಂಬಳ. ಮಜ್ಜಿಗೆ ಹುಳಿಗೆ ಒಂದು ಹೋಳು ಸಾಕು, ಕಾಶಿ ಹಲ್ವಕ್ಕಾದರೆ ಇಡೀ ಕಾಯಿ ಕೇಳಿ. 'ಪೇರಿಯಾ' ಹಾಗಲಕಾಯಿ. 'ಪೆತೋಲಾ' ಹೀರೇಕಾಯಿ, ಇದು ಸಂಸ್ಕೃತದ ಪಟೋಲದಿಂದ ಬಂದದ್ದು. 'ಕೆತುಂಬಾರ್' ಎಂದರೆ ಏನೆಂದು ನಾವು ಹೇಳಬೇಕಾಗಿಲ್ಲ, ಕಿವಿಗೊಟ್ಟು ಕೇಳಿದರೆ ಕೊತ್ತಂಬರಿ ಬೀಜ ತಾನೇ ಮಾತಾಡುತ್ತದೆ. 'ಗುಲಾ' ಎಂದರೆ ಸಕ್ಕರೆ, ಸಂಸ್ಕೃತದ ಗುಡ. 'ಹರ್ಗಾ' ಎಂದರೆ ಬೆಲೆ, ಸಂಸ್ಕೃತದ ಅರ್ಘ. 'ಕೆದಾಯ್' ಎಂದರೆ ಅಂಗಡಿ, ತಮಿಳಿನ ಕಡೈ. 'ಪಾಸಾರ್' ಎಂದರೆ ಪಾರಸಿಯ ಬಜಾರು. ಒಂದು ಮಲಯ ಸಂತೆಯಲ್ಲಿ ನಿಂತು ಬೆಲೆ ಕೇಳಿದರೆ ಸಾವಿರ ವರ್ಷದ ಹಡಗುಗಳು ಹಾದುಹೋದ ಸದ್ದು ಕೇಳುತ್ತದೆ. ಬಾಳೆಹೂವಿಗೆ ಮಲಯರು 'ಜಾಂತುಂಗ್ ಪೀಸಾಂಗ್' ಎನ್ನುತ್ತಾರೆ, ಎಂದರೆ ಬಾಳೆಯ ಹೃದಯ. ನಮ್ಮ ಪಲ್ಯಕ್ಕೆ ಇಷ್ಟು ಚೆಂದದ ಹೆಸರು ನಾವೇ ಇಟ್ಟಿರಲಿಲ್ಲ!

ಹಸಿ ಮಾರುಕಟ್ಟೆಗೆ, ಇಲ್ಲಿನವರು 'ವೆಟ್ ಮಾರ್ಕೆಟ್' ಎನ್ನುವುದಕ್ಕೆ, ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ನೆಲ ತೊಳೆದು ಮನೆಗೆ ಹೋಗಿರುತ್ತಾರೆ, ಸೋಮವಾರ ಅನೇಕ ಕಟ್ಟೆಗಳಿಗೆ ರಜ. ಮೀನು ಮಾಂಸದ ವಾಸನೆಗೆ ಹೆದರಿ ನಮ್ಮ ಸಸ್ಯಾಹಾರಿ ಮಿತ್ರರು ಅತ್ತ ಸುಳಿಯುವುದಿಲ್ಲ. ಹೆದರಬೇಡಿ, ತರಕಾರಿ ಕಟ್ಟೆಗಳು ಸಾಮಾನ್ಯವಾಗಿ ಬೇರೆ ಸಾಲಿನಲ್ಲಿರುತ್ತವೆ. ಅಲ್ಲಿ ತೆಂಗಿನಕಾಯಿ ಮಾರುವವರು ಕಣ್ಣೆದುರೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಕಪ್ಪು ಸಿಪ್ಪೆ ತೆಗೆದು ಬೆಳ್ಳಗೆ ಬೇಕೆಂದರೆ ಹಾಗೂ ಸಿಗುತ್ತದೆ. ಈಳಿಗೆ ಮಣೆಯ ಮೇಲೆ ಕೂತು ತುರಿಯುತ್ತಿದ್ದ ಅಜ್ಜಿ ಇದನ್ನು ನೋಡಿದ್ದರೆ ದೃಷ್ಟಿ ತೆಗೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಹುಳಿ ಬರುತ್ತದೆ, ಆದ್ದರಿಂದ ತಂದ ಕೂಡಲೇ ಫ್ರೀಜರಿಗೆ ಹಾಕಿ.

ಸರಿ, ಈಗ ಲಿಟಲ್ ಇಂಡಿಯಾ. ಸೆಂಬವಾಂಗಿನಿಂದ ಹೋಗಲು ಹಳೆಯ ದಾರಿ ಧೋಬಿ ಘಾಟ್ ತನಕ ಹೋಗಿ, ಅಲ್ಲಿ ಈಶಾನ್ಯ ಮಾರ್ಗ ಹಿಡಿದು, ಒಂದು ನಿಲ್ದಾಣ ಹಿಂದಕ್ಕೆ ಬರುವುದು. 2003ರಲ್ಲಿ ಆ ಮಾರ್ಗ ತೆರೆದಾಗಿನಿಂದ ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಅಭ್ಯಾಸಬಲದಿಂದ ಈಗಲೂ ಮಾಡುತ್ತಾರೆ. 2015ರ ಡಿಸೆಂಬರಿನಲ್ಲಿ ಡೌನ್‌ಟೌನ್ ಮಾರ್ಗ ಲಿಟಲ್ ಇಂಡಿಯಾಕ್ಕೆ ಬಂದ ಮೇಲೆ ನ್ಯೂಟನ್‌ನಲ್ಲೇ ಇಳಿದು ಬದಲಾಯಿಸಬಹುದು, ಮುಂದಿನ ನಿಲ್ದಾಣವೇ ಲಿಟಲ್ ಇಂಡಿಯಾ. ನ್ಯೂಟನ್‌ನಲ್ಲಿ ಸ್ವಲ್ಪ ನಡೆಯಬೇಕು, ಆದರೂ ಲಾಭವೇ. ಮುಸ್ತಫಾಕ್ಕೆ ಮಾತ್ರ ಹೋಗುವವರಿಗೆ ಫ್ಯಾರರ್ ಪಾರ್ಕ್ ನಿಲ್ದಾಣ ಹತ್ತಿರ. ಅವರು ಧೋಬಿ ಘಾಟ್ ದಾರಿಯನ್ನೇ ಹಿಡಿಯಲಿ.

ಟೆಕ್ಕಾ ಮಾರುಕಟ್ಟೆ ಈಗಿರುವ ಕಟ್ಟಡಕ್ಕೆ ಬಂದದ್ದು 1982ರಲ್ಲಿ. ಅದಕ್ಕೂ ಮುಂಚಿನ ಮಾರುಕಟ್ಟೆಗೆ 'ಕಂದಾಂಗ್ ಕೆರ್ಬಾವ್' ಎಂದು ಹೆಸರು, ಮಲಯದಲ್ಲಿ ಎಮ್ಮೆ ಕೊಟ್ಟಿಗೆ ಎಂದರ್ಥ. ಸೆರಂಗೂನ್ ರಸ್ತೆಯ ಸುತ್ತ ಒಂದು ಕಾಲದಲ್ಲಿ ದನಕರುಗಳ ವ್ಯಾಪಾರ ಜೋರಾಗಿತ್ತು. ಬಫಲೋ ರಸ್ತೆ, ಕೆರ್ಬಾವ್ ರಸ್ತೆಗಳ ಹೆಸರಿನಲ್ಲಿ ಎಮ್ಮೆಗಳು ಇನ್ನೂ ಮೇಯುತ್ತಿವೆ. ಹತ್ತಿರದ ಕೆ.ಕೆ. ಆಸ್ಪತ್ರೆಯ ಎರಡು 'ಕೆ'ಗಳೂ ಅವೇ. ನಮ್ಮ ಎಷ್ಟೋ ಮನೆಗಳ ಮಕ್ಕಳು ಹುಟ್ಟಿದ್ದು ಅಲ್ಲಿ. ಜನ್ಮಸ್ಥಳ ಯಾವುದೆಂದು ಕೇಳಿದರೆ ಎಮ್ಮೆ ಕೊಟ್ಟಿಗೆ ಎನ್ನಬಹುದು!

ತರಕಾರಿಗೆ ಟೆಕ್ಕಾ ಮತ್ತು ಬಫಲೋ ರಸ್ತೆಗಿಂತ ಉತ್ತಮ ಜಾಗ ಈ ದ್ವೀಪದಲ್ಲಿಲ್ಲ. ಬಾಳೆದಿಂಡು, ಬಾಳೆಎಲೆ, ವೀಳ್ಯದೆಲೆ, ನುಗ್ಗೆಕಾಯಿ, ತೊಂಡೆಕಾಯಿ, ಪುಟ್ಟ ಬದನೆಕಾಯಿ, ಮಲ್ಲಿಗೆ ಮಾಲೆ. ಭಾಷೆ ತಮಿಳು. ಹೊಸಬರು ಇಂಗ್ಲಿಷಿನಲ್ಲಿ ತಡವರಿಸುತ್ತಾರೆ, ಅದರ ಅಗತ್ಯವಿಲ್ಲ. ನಮ್ಮ ಬಳಗದವರಿಗಂತೂ ಖಂಡಿತ ಇಲ್ಲ, ಯಾಕೆಂದರೆ ಹಳಗನ್ನಡ ಒಂದಿಷ್ಟು ಓದಿದವರಿಗೆ ಟೆಕ್ಕಾದಲ್ಲಿ ಕೀಲಿಕೈ ಸಿಕ್ಕಂತೆಯೇ. ಪಂಪನ ಕಾಲದ ಪಕಾರ ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡದಲ್ಲಿ ಹಕಾರವಾಯಿತು, ತಮಿಳಿನಲ್ಲಿ ಆಗಲಿಲ್ಲ. ಆದ್ದರಿಂದ ನಮ್ಮ ಹಕಾರ ತೆಗೆದು ಪಕಾರ ಹಾಕಿ ನೋಡಿ. ಹಾಲು ಪಾಲ್ ಆಗುತ್ತದೆ, ಹೂ ಪೂ ಆಗುತ್ತದೆ, ಹುಳಿ ಪುಳಿ (ಹುಣಸೆಹಣ್ಣೂ ಅದೇ), ಹೀರೇಕಾಯಿ ಪೀರ್ಕಂಗಾಯ್, ಹಾಗಲಕಾಯಿ ಪಾಗಲ್ಕಾಯ್. ಹೈಸ್ಕೂಲಿನಲ್ಲಿ ಹಳಗನ್ನಡ ಯಾಕೆ ಬೇಕಪ್ಪಾ ಎಂದು ಗೊಣಗುತ್ತಿದ್ದೆವಲ್ಲ, ಇದಕ್ಕೆ ಬೇಕಿತ್ತು!

ಎಲ್ಲ ಕಡೆ ಈ ಸೂತ್ರ ನಡೆಯುವುದಿಲ್ಲ. ಬೇಳೆ 'ಪರುಪ್ಪು', ಸೊಪ್ಪು 'ಕೀರೈ', ಸಾಸಿವೆ 'ಕಡುಗು', ಮೆಂತ್ಯ 'ವೆಂದಯಂ', ಇಂಗು 'ಪೆರುಂಗಾಯಂ', ಹುರಿಗಡಲೆ 'ಪೊಟ್ಟುಕ್ಕಡಲೈ', ರಾಗಿ 'ಕೇಳ್ವರಗು'. ಬರೀ 'ಕಡಲೈ' ಎಂದರೆ ಕಡಲೇಕಾಯಿ ಬೀಜ ಕೈಗೆ ಬಂದೀತು, ಕಡಲೆಬೇಳೆ ಬೇಕಾದರೆ 'ಕಡಲೈ ಪರುಪ್ಪು' ಎನ್ನಬೇಕು. ಎಲ್ಲಕ್ಕಿಂತ ಮೋಸದ ಪದ 'ಮಾವು'. ತಮಿಳಿನಲ್ಲಿ ಅದು ಹಿಟ್ಟು. ಅಂಗಡಿಯ ಮುಂದೆ 'ಇಡ್ಲಿ ಮಾವು' ಎಂಬ ಫಲಕ ನೋಡಿ, ಇದ್ಯಾವ ಹೊಸ ತಳಿಯ ಮಾವಿನಹಣ್ಣು ಎಂದು ತಲೆ ಕೆರೆದುಕೊಂಡವರು ನಮ್ಮ ನಡುವೆ ಇದ್ದಾರೆ, ಹೆಸರು ಹೇಳುವುದಿಲ್ಲ.

ಮಾತು ಇಲ್ಲಿಗೆ ಬಂದಿರುವುದರಿಂದ ನಮ್ಮನ್ನು ಕಾಡುವ ಸಂಗತಿಯನ್ನೂ ಹೇಳಿಬಿಡುತ್ತೇವೆ. ನಮ್ಮ ಮಕ್ಕಳು ಶಾಲೆಯಲ್ಲಿ ಮಾತೃಭಾಷೆಯೆಂದು ತಮಿಳನ್ನೋ ಹಿಂದಿಯನ್ನೋ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಕೇಳಿಸುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಹೀಗಿರುವಾಗ ಸೋರೆಕಾಯಿ, ಪಡವಲಕಾಯಿ, ಸಬ್ಬಸಿಗೆ, ಚಕ್ಕೋತ, ದಂಟು ಎಂಬ ಮಾತುಗಳು ಅವರ ಕಿವಿಗೆ ಬೀಳುವುದು ಎಲ್ಲಿ? ಪುಸ್ತಕದಲ್ಲಿ ಅಲ್ಲ. ತರಕಾರಿ ಆರಿಸುವಾಗ, ಚೀಲ ಬಿಚ್ಚುವಾಗ. ಸಾಮಾನನ್ನೆಲ್ಲ ಮೊಬೈಲಿನಲ್ಲಿ ಒತ್ತಿ ಬಾಗಿಲಿಗೆ ತರಿಸಿಕೊಂಡರೆ ಆ ಹೆಸರುಗಳೂ ಇಂಗ್ಲಿಷಿನಲ್ಲೇ ಬಂದು ಇಂಗ್ಲಿಷಿನಲ್ಲೇ ಫ್ರಿಜ್ಜಿಗೆ ಸೇರುತ್ತವೆ. ಕೆಲಸದ ಒತ್ತಡದಲ್ಲಿ ನಾವೂ ಒತ್ತಿ ತರಿಸುತ್ತೇವೆ. ಆದರೆ ತಿಂಗಳಿಗೊಮ್ಮೆಯಾದರೂ ಮಕ್ಕಳ ಕೈಗೆ ಕನ್ನಡದಲ್ಲಿ ಬರೆದ ಪಟ್ಟಿ ಕೊಟ್ಟು ಟೆಕ್ಕಾಕ್ಕೆ ಕರೆದುಕೊಂಡು ಹೋಗುವ ಮನೆಗಳು ನಮ್ಮಲ್ಲಿವೆ. ಪಟ್ಟಿಯಲ್ಲಿ ಹತ್ತು ಹೆಸರು, ಸರಿಯಾಗಿ ಗುರುತಿಸಿ ಬುಟ್ಟಿಗೆ ಹಾಕಿದರೆ ಕೊನೆಗೆ ಒಂದು ಎಳನೀರು. ಕನ್ನಡ ತರಗತಿಗೆ ಬರಲೊಲ್ಲದ ಮಕ್ಕಳು ಇದಕ್ಕೆ ಓಡಿ ಬರುತ್ತಾರೆ.

ಹೋಗುವುದಾದರೆ ಶನಿವಾರ ಬೆಳಿಗ್ಗೆ ಹೋಗಿ. ಭಾನುವಾರ ಸಂಜೆ ಬೇಡ. ಜನಜಂಗುಳಿ ಎಂಬುದು ಒಂದು ಕಾರಣ ಮಾತ್ರ. ಕಟ್ಟಡ, ರಸ್ತೆ, ಹಡಗುಕಟ್ಟೆಗಳಲ್ಲಿ ದುಡಿಯುವ ತಮಿಳು ನಾಡಿನ, ಬಾಂಗ್ಲಾದ ಕಾರ್ಮಿಕರಿಗೆ ವಾರದಲ್ಲಿ ಸಿಗುವುದು ಅದೊಂದೇ ದಿನ. ಊರಿಗೆ ಹಣ ಕಳಿಸುವುದು, ಗೆಳೆಯರನ್ನು ನೋಡುವುದು, ಬಾಯಿಗೆ ರುಚಿಯಾಗಿ ಒಂದು ಊಟ ಮಾಡುವುದು, ಎಲ್ಲವೂ ಆ ಕೆಲವು ಗಂಟೆಗಳಲ್ಲಿ. 2013ರ ಡಿಸೆಂಬರ್ 8ರ ಭಾನುವಾರ ರಾತ್ರಿ ಒಬ್ಬ ಕಾರ್ಮಿಕ ರೇಸ್ ಕೋರ್ಸ್ ರಸ್ತೆಯಲ್ಲಿ ಬಸ್ಸಿನಡಿ ಸಿಲುಕಿ ಸತ್ತಾಗ ಗಲಭೆ ಎದ್ದಿತ್ತು. ಆಮೇಲೆ ಆ ಪ್ರದೇಶದಲ್ಲಿ ಮದ್ಯಕ್ಕೆ ಕಟ್ಟುಪಾಡು ಬಂತು. 2020ರ ಮಹಾಮಾರಿಯಲ್ಲಿ ನಾವು ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆವು, ಅವರು ವಸತಿಗೃಹಗಳ ಒಳಗೆ ತಿಂಗಳುಗಟ್ಟಲೆ ಉಳಿದರು. 'ಅಯ್ಯೋ, ಭಾನುವಾರ ಅಲ್ಲಿ ಕಾಲಿಡಲಾಗುವುದಿಲ್ಲ' ಎಂದು ನಮ್ಮವರು ಮೂಗು ಮುರಿಯುವುದನ್ನು ಕೇಳಿದ್ದೇವೆ. ಕಾಲಿಡಲು ನಮಗೆ ಶನಿವಾರವಿದೆ, ಅವರಿಗಿಲ್ಲ.

ಮುಸ್ತಫಾ ವಿಷಯಕ್ಕೆ ಬರೋಣ. 1971ರಲ್ಲಿ ಕ್ಯಾಂಪ್‌ಬೆಲ್ ಲೇನಿನ ಒಂದು ಪುಟ್ಟ ಬಟ್ಟೆ ಅಂಗಡಿಯಾಗಿ ಶುರುವಾಗಿ, 1990ರ ದಶಕದಲ್ಲಿ ಸೈಯದ್ ಆಲ್ವಿ ರಸ್ತೆಗೆ ಬಂದು, 2003ರಿಂದ ದಿನದ 24 ಗಂಟೆಯೂ ತೆರೆದಿರುವ ಅಂಗಡಿಯೆಂದು ಹೆಸರು ಮಾಡಿತು. 2020ರ ಏಪ್ರಿಲಿನಲ್ಲಿ ಸೋಂಕಿನಿಂದಾಗಿ ಮುಚ್ಚಿ, ಮೇ ತಿಂಗಳಲ್ಲಿ ಹಂತ ಹಂತವಾಗಿ ಮತ್ತೆ ತೆರೆಯಿತು. ಆಮೇಲೆ ವೇಳೆ ಬದಲಾಗಿದೆ, ಆದ್ದರಿಂದ ಹಳೆಯ ನೆನಪಿನಲ್ಲಿ ಬೆಳಗಿನ ಜಾವ ವಿಮಾನ ನಿಲ್ದಾಣದಿಂದ ನೇರವಾಗಿ ಅಲ್ಲಿಗೆ ಹೋಗಬೇಡಿ, ವೇಳೆ ನೋಡಿಕೊಂಡು ಹೊರಡಿ. ದಿನಸಿ ಇರುವುದು ಎರಡನೇ ಮಹಡಿಯಲ್ಲಿ. ಅಕ್ಕಿಯ ಸಾಲೇ ಒಂದು ಬೀದಿಯಷ್ಟಿದೆ. ಒಳಗೆ ಹೋಗುವಾಗ ಕೈಯಲ್ಲಿ ಪಟ್ಟಿ ಇರಲಿ, ಪಟ್ಟಿಗೆ ನಿಷ್ಠೆಯೂ ಇರಲಿ. ಬೇಳೆಗೆ ಹೋದವರು ಗಡಿಯಾರ, ಸುಗಂಧ, ಸೂಟ್‌ಕೇಸು ಹೊತ್ತು ಬರುವುದು ಅಲ್ಲಿನ ವಾಡಿಕೆ. ಬಿಲ್ಲಾದ ಮೇಲೆ ಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೊಡುತ್ತಾರೆ. ಮನೆಗೆ ಬಂದು ಕತ್ತರಿ ಹುಡುಕುವುದೂ ಖರೀದಿಯ ಒಂದು ಅಂಗವೇ. ಚಿನ್ನಕ್ಕೆ ಹೋಗುವವರಿಗೆ ಒಂದು ಮಾತು: ಇಲ್ಲಿ '916' ಎಂದರೆ 22 ಕ್ಯಾರಟ್. ಆಭರಣಕ್ಕೆ ಮಜೂರಿಯ ಜೊತೆ ಸರಕು ತೆರಿಗೆಯೂ ಸೇರುತ್ತದೆ. ಆ ತೆರಿಗೆ 1994ರಲ್ಲಿ ಶೇ. 3 ಇದ್ದದ್ದು 2024ರ ಜನವರಿಯಿಂದ ಶೇ. 9 ಆಗಿದೆ.

ಇಷ್ಟೆಲ್ಲ ಇದ್ದರೂ ಲಿಟಲ್ ಇಂಡಿಯಾ ಮೂಲತಃ ತಮಿಳರ ಪೇಟೆ. ಕನ್ನಡದ ಅಡುಗೆಮನೆಗೆ ಅಲ್ಲಿ ಕೆಲವು ತೂತುಗಳಿವೆ. ಅಕ್ಕಿಯಲ್ಲಿ ಪೊನ್ನಿ ರಾಶಿ ರಾಶಿ, ಸೋನಾ ಮಸೂರಿ ಹುಡುಕಿ ತೆಗೆದುಕೊಳ್ಳಬೇಕು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ನಮ್ಮ ಗುಂಪುಗಳಲ್ಲಿ ಸಾಹಿತ್ಯ ಚರ್ಚೆ ನಿಂತು ಎಲ್ಲಿ ಎಷ್ಟು ಮೂಟೆ ಉಳಿದಿದೆ ಎಂಬ ಚರ್ಚೆ ನಡೆಯಿತು. ಸಿಂಗಪುರಕ್ಕೆ ವಿನಾಯಿತಿ ಕೊಡುವುದಾಗಿ ಮರು ತಿಂಗಳೇ ಭಾರತ ಹೇಳಿತು, ನಿಷೇಧವೂ 2024ರ ಸೆಪ್ಟೆಂಬರಿನಲ್ಲಿ ತೆರವಾಯಿತು. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಥಾಯ್ ಅಕ್ಕಿ ಅನ್ನಕ್ಕೆ ಪರವಾಗಿಲ್ಲ, ಆದರೆ ಚಿತ್ರಾನ್ನ ಮಾಡಿದರೆ ಮುದ್ದೆಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕೇಳಿದರೆ ಕಾಶ್ಮೀರಿ ಕೊಡುತ್ತಾರೆ. ಬಣ್ಣ ಬರುತ್ತದೆ, ಆ ಪರಿಮಳ ಬರುವುದಿಲ್ಲ. ಅವರೆಕಾಯಿ ಹಸಿಯಾಗಿ ಸಿಗುವುದು ಅಪರೂಪ. ಗುಜರಾತಿಗಳ ಪುಣ್ಯದಿಂದ 'ಲಿಲ್ವಾ' ಎಂಬ ಹೆಸರಿನಲ್ಲಿ ಫ್ರೀಜರಿನಲ್ಲಿ ಕಾಳು ಮಾತ್ರ ಸಿಗುತ್ತದೆ. ಮಾಗಡಿಯ ಸೊಗಡನ್ನು ಅದರಲ್ಲಿ ಹುಡುಕಬೇಡಿ, ಉಪ್ಪಿಟ್ಟಿಗೆ ಸಾಕು. ಮಾಡಿಕೊಳ್ಳುವ ತಾಳ್ಮೆಯೇ ಇಲ್ಲದ ದಿನ ಸೆರಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು 2013ರಲ್ಲಿ ತೆರೆದ ಎಂಟಿಆರ್ ಇದೆ.

ಹಬ್ಬಗಳ ಲೆಕ್ಕ ಬೇರೆಯೇ. ಸಂಕ್ರಾಂತಿ ಹೊತ್ತಿಗೆ ಪೊಂಗಲ್ ಸಂತೆ ನಡೆಯುವುದರಿಂದ ಕಬ್ಬು, ಅರಿಶಿನದ ಗಿಡ, ಮಡಕೆ ಎಲ್ಲ ಸಿಗುತ್ತವೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೇಬೀಜ ಸಿಗುತ್ತವೆ. ಸಕ್ಕರೆ ಅಚ್ಚು? ತಮಿಳರಿಗೆ ಅದರ ರೂಢಿಯಿಲ್ಲ, ಆದ್ದರಿಂದ ಅಂಗಡಿಯಲ್ಲೂ ಇಲ್ಲ. ಮರದ ಅಚ್ಚನ್ನು ಊರಿಂದ ತಂದು ಮನೆಯಲ್ಲೇ ಪಾಕ ಮಾಡಿ ಹುಯ್ಯಬೇಕು. ಯುಗಾದಿಯ ಬೇವಿಗೆ ಇನ್ನೊಂದು ತಾಪತ್ರಯ. ತಮಿಳರ ಹೊಸ ವರ್ಷ ಏಪ್ರಿಲ್ 14ರ ಸುಮಾರಿಗೆ. ಬೇವಿನ ಹೂವು ಅಂಗಡಿಗೆ ಬರುವುದು ಆ ಲೆಕ್ಕದಲ್ಲಿ. ನಮ್ಮ ಯುಗಾದಿ ಮಾರ್ಚಿನಲ್ಲಿ ಬಂದ ವರ್ಷ ಬಫಲೋ ರಸ್ತೆಯ ಹೂವಿನವರಿಗೆ ವಾರ ಮುಂಚೆಯೇ ಹೇಳಿಟ್ಟಿರಬೇಕು. ಉದ್ಯಾನದಲ್ಲಿ ಬೇವಿನ ಮರ ಕಂಡಿತೆಂದು ಕೈ ಹಾಕಿದಿರೋ, ಬೆಲ್ಲ ಸೇರುವ ಮೊದಲೇ ವರ್ಷದ ಕಹಿ ದಂಡದ ರೂಪದಲ್ಲಿ ಬರುತ್ತದೆ! ಗೌರಿ ಬಾಗಿನದ ಮೊರಕ್ಕೆ ಚಿಂತೆಯಿಲ್ಲ, ತಮಿಳಿನಲ್ಲೂ ಅದು 'ಮುರಂ'.

ಎಚ್ಚರಿಕೆಯ ಮಾತು ಗಸಗಸೆಯದು. ಇಲ್ಲಿ ಗಸಗಸೆ ನಿಷಿದ್ಧ ವಸ್ತು, ಮಾದಕ ದ್ರವ್ಯಗಳ ಇಲಾಖೆಯ ಪಟ್ಟಿಯಲ್ಲಿದೆ. ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ ಎನ್ನುವುದಕ್ಕಿಂತ ಮುಖ್ಯವಾದದ್ದು, ಊರಿನಿಂದ ಬರುವವರು ಪ್ರೀತಿಯಿಂದ ಪೊಟ್ಟಣ ಕಟ್ಟಿ ತರದಂತೆ ಮೊದಲೇ ಹೇಳಬೇಕು. ಅಮ್ಮ ಕಳಿಸುವ ಮಸಾಲೆ ಪುಡಿಯಲ್ಲಿ, ಗೊಜ್ಜಿನ ಪುಡಿಯಲ್ಲಿ ಅದು ಸೇರಿದೆಯೇ ಎಂದೂ ಕೇಳಿಕೊಳ್ಳಿ. ಸಾಗುವಿಗೆ ಗೋಡಂಬಿ ರುಬ್ಬಿ ಹಾಕಿದರೆ ನಡೆಯುತ್ತದೆ. ಗಸಗಸೆ ಪಾಯಸಕ್ಕೆ ಮಾತ್ರ ಎಳ್ಳುನೀರು ಬಿಡಬೇಕು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಂದಿರಿಗೂ ಇದೇ ಮಾತು. ಜಗಿಯುವ ತಂಬಾಕನ್ನು ಈ ದೇಶದೊಳಕ್ಕೆ ತರುವಂತಿಲ್ಲ. ಟಿಕೆಟ್ಟಿನ ಜೊತೆಯಲ್ಲೇ ಈ ಎರಡು ವಿಷಯ ಬರೆದು ಕಳಿಸುವುದು ಕ್ಷೇಮ.

ಸೆಂಬವಾಂಗಿನವರಿಗೆ ಇನ್ನೊಂದು ಆಕರ್ಷಣೆ ಜಲಸಂಧಿಯಾಚೆಯ ಜೊಹೋರ್ ಬಾರು. ಎರಡೇ ನಿಲ್ದಾಣ ದಾಟಿದರೆ ವುಡ್‌ಲ್ಯಾಂಡ್ಸ್, ಅಲ್ಲಿಂದ ಬಸ್ಸು. ನಮ್ಮ ಒಂದು ಡಾಲರಿಗೆ ಮೂರಕ್ಕಿಂತ ಹೆಚ್ಚು ರಿಂಗಿಟ್ ಬರುವುದರಿಂದ ಬಾಯಲ್ಲಿ ನೀರೂರುವುದು ಸಹಜ. ಆದರೆ ವಾರಾಂತ್ಯದ ಸರತಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಿಂಗಪುರದ ಕಾರು ಗಡಿ ದಾಟಬೇಕಾದರೆ ಪೆಟ್ರೋಲ್ ಟ್ಯಾಂಕು ಮುಕ್ಕಾಲು ತುಂಬಿರಬೇಕು. 48 ಗಂಟೆಗಿಂತ ಕಡಿಮೆ ಹೊತ್ತು ಹೊರಗಿದ್ದು ಬಂದರೆ 100 ಡಾಲರಿನ ತನಕದ ಸಾಮಾನಿಗೆ ಮಾತ್ರ ತೆರಿಗೆ ವಿನಾಯಿತಿ, ಅದಕ್ಕಿಂತ ಹೆಚ್ಚು ಹೊತ್ತಿದ್ದರೆ 500ರ ತನಕ. ಕೆಲಸದ ಪಾಸಿನ ಮೇಲಿರುವವರಿಗೆ ಈ ವಿನಾಯಿತಿ ಇಲ್ಲ. ಹಬ್ಬದ ಬಟ್ಟೆ, ಕನ್ನಡಕ, ಒಂದು ಊಟ, ಇದಕ್ಕೆಲ್ಲ ಸರಿ. ಬೆಂಡೆಕಾಯಿಗಾಗಿ ಗಡಿ ದಾಟುವುದು ನಮ್ಮ ಅಭಿಪ್ರಾಯದಲ್ಲಿ ಹೆಚ್ಚಾಯಿತು.

ಆರ್ಚರ್ಡ್ ರಸ್ತೆಯ ಬಗ್ಗೆ ಬರೆಯಲಿಲ್ಲವೆಂದು ಯಾರಾದರೂ ಕೇಳಬಹುದು. ಹೆಸರೇ ಹೇಳುವಂತೆ ಅಲ್ಲಿ ಒಮ್ಮೆ ತೋಟಗಳಿದ್ದವು. ಈಗ ಕಣ್ಣಿಗೆ ಹಬ್ಬ, ಜೇಬಿಗೆ ಉಪವಾಸ. ನೆಂಟರಿಗೆ ತೋರಿಸಿ, ಫೋಟೋ ತೆಗೆದು, ಮನೆಗೆ ಬಂದು ಕಾಫಿ ಕುಡಿಯಿರಿ.

ಕೊನೆಗೆ ಪುಸ್ತಕ. ಸೂಜಿಯಿಂದ ಹಿಡಿದು ಆನೆಯ ತನಕ ಎಲ್ಲವೂ ಸಿಗುವ ಈ ಊರಿನಲ್ಲಿ ಕನ್ನಡ ಪುಸ್ತಕ ಮಾತ್ರ ಸಿಗುವುದಿಲ್ಲ. ಬ್ರಾಸ್ ಬಸಾ ಕಾಂಪ್ಲೆಕ್ಸಿನಲ್ಲಿ 1980ರಿಂದಲೂ ಪುಸ್ತಕದಂಗಡಿಗಳಿವೆ. ಹಳೆಯ ಇಂಗ್ಲಿಷ್, ಚೀನೀ ಪುಸ್ತಕಗಳ ನಡುವೆ ಒಂದು ಮಧ್ಯಾಹ್ನ ಕಳೆಯಲು ಬಲು ಸೊಗಸಾದ ಜಾಗ. ಗ್ರಂಥಾಲಯಗಳು ಅದ್ಭುತ, ಆದರೆ ಸಂಗ್ರಹ ಇರುವುದು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ. ಮೈಲ್ಯಾಂಗ್‌ನಂಥ ಕಡೆ ಇ-ಪುಸ್ತಕ ಕೊಂಡು ಓದುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅಚ್ಚಿನ ಪುಸ್ತಕವೇ ಬೇಕೆಂದರೆ ಡಿಸ್ಕಿಗೇ ಹೋಗಬೇಕು, ಅಂದರೆ ಗಾಂಧಿನಗರದ ಸಪ್ನಾಕ್ಕೋ ಗಾಂಧಿಬಜಾರಿನ ಅಂಕಿತಕ್ಕೋ ಹೋಗಿ ಸೂಟ್‌ಕೇಸಿನಲ್ಲಿ ತರಬೇಕು. ಆದರೆ ಆ ಸೂಟ್‌ಕೇಸಿನಲ್ಲಿ ಜಾಗ ಎಲ್ಲಿದೆ? ತೊಗರಿಬೇಳೆ, ಸಾರಿನ ಪುಡಿ, ಹಪ್ಪಳ, ರಾಗಿಹಿಟ್ಟು ತುಂಬಿ ತಂದು, ಪುಸ್ತಕ ಭಾರವಾಯಿತೆಂದು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟು ಬಂದವರ ಕಥೆಗಳು ನಮ್ಮ ಬಳಗದಲ್ಲಿ ಬೇಕಾದಷ್ಟಿವೆ. ಮೇಲೆ ಬರೆದದ್ದೆಲ್ಲ ಇಲ್ಲಿಗೇ ಸೇರುತ್ತದೆ. ಬೇಳೆ ಮುಸ್ತಫಾದಲ್ಲಿದೆ, ರಾಗಿಹಿಟ್ಟು ಟೆಕ್ಕಾದ ಸುತ್ತ ಇದೆ, ಹಪ್ಪಳವೂ ಇದೆ. ಊರಿನಿಂದ ತರಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ, ಸಕ್ಕರೆ ಅಚ್ಚಿನ ಮರದ ಪಡಿಯಚ್ಚು, ಅಮ್ಮನ ಚಟ್ನಿಪುಡಿ. ಇಷ್ಟಕ್ಕೆ ಐದು ಕಿಲೋ ಸಾಕು. ಉಳಿದ ತೂಕಕ್ಕೆ ಪುಸ್ತಕ ತನ್ನಿ. ಡಿಸೆಂಬರ್ ರಜೆಗೆ ಹೊರಡುವವರು ಯಾವ ಪುಸ್ತಕ ತರುತ್ತೀರೆಂದು ಮೊದಲೇ ತಿಳಿಸಿದರೆ, ಒಂದೇ ಕಾದಂಬರಿಯ ನಾಲ್ಕು ಪ್ರತಿ ಸೆಂಬವಾಂಗಿಗೆ ಬಂದಿಳಿಯುವುದು ತಪ್ಪುತ್ತದೆ. ಜನವರಿಯ ಸಭೆಗೆ ಎಲ್ಲರೂ ತಂದದ್ದನ್ನು ಮೇಜಿನ ಮೇಲೆ ಇಡೋಣ. ಎಳ್ಳು ಬೆಲ್ಲ ಸೆಂಬವಾಂಗಿನವರ ಕಡೆಯಿಂದ.